ಎರಡನೆಯ ಹೆಸರಿನ ಖಾನೆ

ನಿನ್ನೆಯವರೆಗೆ ನಡೆಯುತ್ತಿತ್ತು ಅವ್ವಮ್ಮ,
ಇವತ್ತು ಬೆಳಿಗ್ಗೆಯಿಂದ ಆಗುವುದಿಲ್ಲವಂತೆ.
ಒಂದೇ ಹೆಸರಿನವರನ್ನು ಒಳಗೆ ಬಿಡುವುದಿಲ್ಲವಂತೆ,
ಹೆಸರಿಗೊಂದು ಬಾಲ ಬೇಕಂತೆ.

ಹೆದ್ದಾರಿ ಅಗಲವಾಗಿ ಎರಡು ಮೆಟ್ಟಿಲು ಕಳಕೊಂಡ
ಉಪ್ಪಳದ ನನ್ನ ಝೆರಾಕ್ಸ್ ಅಂಗಡಿಗೆ
ಬೀಡಿ ಕೊಟ್ಟು ಮರಳುವಾಗ ಬರುತ್ತಾರೆ ಅವ್ವಮ್ಮ,
ಖಾಲಿ ಬುಟ್ಟಿ, ಸೆರಗಿಗೆಲ್ಲ ಹೊಗೆಸೊಪ್ಪಿನ ಘಾಟು.
ನನ್ನನ್ನು ಟೀಚರ್ ಎನ್ನುತ್ತಾರೆ. ಎರಡು ವರ್ಷ
ಕನ್ನಡ ಶಾಲೆಯಲ್ಲಿ ಬದಲಿಗೆ ನಿಂತಿದ್ದೆ,
ಹುದ್ದೆ ಹೋಯಿತು, ಹೆಸರು ಮೈಗೆ ಅಂಟಿಕೊಂಡಿತು.

ಶಾರ್ಜಾದಲ್ಲಿ ಮಗಳು ಮಿಸ್ರಿಯಾಗೆ ಏಳು ತುಂಬಿತು.
ಹಾಳಾದ ಪ್ರಿಂಟಿನ ಬೆನ್ನಿಗೆ ಪಟ್ಟಿ ಬರೆದಿದ್ದೆವು ನಾವು,
ಹೋದ ವಾರದಿಂದ ಹೊಡೆದುಹಾಕುತ್ತಲೇ ಇದ್ದೇವೆ.
ಕೊಬ್ಬರಿ: ಎಣ್ಣೆಯ ಪಸೆ, ವಿಮಾನದ ಹೊಟ್ಟೆಯಲ್ಲಿ ಬೆಂಕಿ ಹಿಡಿಯುತ್ತದಂತೆ.
ಗಸಗಸೆ: ಅಯ್ಯೋ, ಅದಕ್ಕೆ ಅಲ್ಲಿ ಜೈಲಂತೆ.
(ಪಾಯಸಕ್ಕಾ? ಎಂದು ಅವ್ವಮ್ಮ ನಕ್ಕದ್ದು ನಕ್ಕದ್ದೇ.)
ಬಾಣಂತಿ ಲೇಹ್ಯಕ್ಕೆ ಡಾಕ್ಟರ ಚೀಟಿ, ಇಂಗ್ಲಿಷಿನಲ್ಲಿ, ಸೀಲು ಸಮೇತ.
ಮಾವಿನಮಿಡಿ ಕೈಚೀಲದಲ್ಲಿ ಕೂಡದು.
ಮೂವತ್ತು ಕಿಲೋ ಇದ್ದದ್ದು ಇಪ್ಪತ್ತಾಯಿತು.
ಹೊಡೆದು ಹೊಡೆದು ಕೊನೆಗೆ ಉಳಿದದ್ದು
ಒಗೆದೊಗೆದು ಮೆತ್ತಗಾದ ನಾಲ್ಕು ಹಳೆ ಮುಂಡು,
ಹುಟ್ಟಿದ ಮಗುವನ್ನು ಸುತ್ತಲಿಕ್ಕೆ.
ಅದರ ಬಗ್ಗೆ ಯಾರೂ ಇನ್ನೂ ಏನೂ ಬರೆದಿಲ್ಲ,
ನಾನು ಎರಡೆರಡು ಸಲ ಹುಡುಕಿ ನೋಡಿದ್ದೇನೆ.

ಹೆಬ್ಬೆರಳು ಇಡಿ ಅವ್ವಮ್ಮ.
ನಲವತ್ತು ವರ್ಷ ಎಲೆ ಸುರುಟಿದ ಬೆರಳು,
ಗೆರೆಗಳೆಲ್ಲ ಕಟ್ಟುಕಟ್ಟಾಗಿ ಕಂಪೆನಿಗೆ ಹೋಗಿವೆ.
ಯಂತ್ರ ಕೆಂಪಾಗುತ್ತದೆ. ಒರೆಸಿ ಇಡಿ. ಮತ್ತೆ ಕೆಂಪು.
"ನಾನು ಇಲ್ಲಿ ಇಲ್ಲವಂತಾ ಟೀಚರೆ?"

ಬಾಪನ ಹೆಸರು ಹಾಕಲಾ?
ಅವರು ಕೊಲಂಬಿಗೆ ಹೋದವರು ಬರಲೇ ಇಲ್ಲ,
ಹೆಸರನ್ನೂ ಜೊತೆಗೇ ಕೊಂಡುಹೋದರು.
ಹಾಗಾದರೆ ನಿಮ್ಮವರದ್ದು?

ಅವ್ವಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
"ಆ ವರ್ಷ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದದ್ದು ನೆನಪುಂಟಲ್ಲ?
ವಾರಕ್ಕೆರಡು ಸಲ ರಕ್ತ ತೊಳೆಸಲಿಕ್ಕಿತ್ತು ಇವರಿಗೆ, ಮಂಗಳೂರಲ್ಲಿ.
ರಾತ್ರಿ ಬದಲಾದ ನಿಯಮ, ಬೆಳಿಗ್ಗೆ ನಮಗೆ ಗೊತ್ತಿಲ್ಲ.
ಪಾಸ್‌ಪೋರ್ಟ್ ಯಾರು ಕೇಳಿದರು?
ಹೆಸರು ಸಹ ಕೇಳಲಿಲ್ಲ ಮಗಾ. ಗಾಡಿಯ ನಂಬರ್ ನೋಡಿದರು.
ಕೆಎಲ್ ಹದಿನಾಲ್ಕು. ತಿರುಗಿಸಿ, ಎಂದರು."

ಫ್ಯಾನು ತಿರುಗುತ್ತಿತ್ತು. ಹೊರಗೆ ಲಾರಿಯೊಂದು
ಅರ್ಧಂಬರ್ಧ ಸೇತುವೆಯ ಕೆಳಗೆ ಹಾರ್ನ್ ಒತ್ತುತ್ತಲೇ ಇತ್ತು.

"ಅವರದ್ದೇ ಹಾಕಿ. ವಿಮಾನ ಹತ್ತಲಿಕ್ಕೆ ಅದೇ ದಾರಿಯಲ್ಲವಾ,
ನನ್ನ ಹೆಸರಿನ ಹಿಂದೆ ಕೂತುಕೊಂಡು ಬರಲಿ."

ಮಮ್ಮುಂಞಿ.
ಟೈಪಿಸಲು ಹೋದ ಬೆರಳು ಞ-ದಲ್ಲಿ ನಿಂತಿತು.
ರೇಷನ್ ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗ್, ಆಧಾರಿನಲ್ಲಿ ಇನ್ನೊಂದು,
ಮರಣಪತ್ರದಲ್ಲಿ ಆ ಅಕ್ಷರವೇ ಇಲ್ಲ.
ಒಂದನೇ ಕ್ಲಾಸಿನ ಮಕ್ಕಳಿಗೆ ವರ್ಣಮಾಲೆ ಕಲಿಸುವಾಗ
ಞ-ಕ್ಕೆ ಚಿತ್ರ ಸಿಗುತ್ತಿರಲಿಲ್ಲ ನನಗೆ.
ಪುಸ್ತಕದಲ್ಲಿ ಆ ಚೌಕ ಖಾಲಿ.
ಮಕ್ಕಳು ಕೇಳಿದರೆ, ಇದು ಸುಮ್ಮನೆ ಉಂಟು, ಓದಿ ಮುಂದೆ ಹೋಗಿ ಎನ್ನುತ್ತಿದ್ದೆ.
ಎದುರಿನ ಬೆಂಚಿನಲ್ಲೇ ಕೂತಿದ್ದರು ಕುಂಞಾಲಿ, ಕುಂಞಮ್ಮ, ಕುಂಞಿರಾಮ,
ಹಾಜರಿ ಕರೆದು ಕರೆದೂ ನನಗೆ ಹೊಳೆಯಲಿಲ್ಲ.

ಇರಲಿ. ಮೂರು ಕಾಗದವನ್ನೂ ಸಾಲಾಗಿ ಇಟ್ಟು
ಯಾವುದಕ್ಕೆ ಹೊಂದಿಸುವುದೆಂದು ನೋಡುವಷ್ಟರಲ್ಲಿ
ಸರ್ವರ್ ಹೋಯಿತು.

"ನಾಳೆ ಬನ್ನಿ ಅವ್ವಮ್ಮ. ಹತ್ತು ಗಂಟೆಗೆ."
"ನಾಳೆಗೆ ಇದೇ ನಿಯಮ ಇರ್ತದಾ?"
ಗೊತ್ತಿಲ್ಲ ಎಂದೆ.
ಅವರು ಬುಟ್ಟಿ ಎತ್ತಿಕೊಂಡು, ಇಲ್ಲದ ಮೆಟ್ಟಿಲಿಗೆ
ಅಭ್ಯಾಸಬಲದಿಂದ ಕಾಲು ಇಡಹೋಗಿ,
ಸಾವರಿಸಿ, ಕೆಳಗಿಳಿದರು.