ತೊಟ್ಟಿಗೆ ಕಿವಿಯಿಟ್ಟವನು

ಅಪ್ಪ ಬರುವ ಮೊದಲೇ ಅವನ ವಾಸನೆ ಬರುತ್ತಿತ್ತು,
ನಿಂಬೆತೋಟದ ಮೂರು ಸಾಲು ದಾಟಿ, ಬೇಲಿ ನುಸುಳಿ,
ಚಿಲಕ ಹಾಕಿದ ಬಾಗಿಲ ಸಂದಿಯಿಂದ:
ಕೊಳೆತ ಕಡಲು.
ನಾಯಿ ಕೂಡ ಎದ್ದು ಹಿತ್ತಲಿಗೆ ಹೋಗುತ್ತಿತ್ತು.

ಸ್ಯಾನ್ ಡಿಯಾಗೋ ಕೊಲ್ಲಿಯ ದಂಡೆ. ಯುದ್ಧದ ಮೂರನೆಯ ವರ್ಷ.
ಯುದ್ಧ ಇನ್ನೂ ಈ ದೇಶದ್ದಲ್ಲ, ಕೂಲಿ ಮಾತ್ರ ನಮ್ಮದು.
ಹಡಗುಗಳು ಹೋಗಿ ಸೊಂಟದಾಳದ ನೀರಿನಲ್ಲಿ
ಪಾಚಿಯ ಕಾಡಿಗೆ ಕ್ಷೌರ ಮಾಡಿ ಬರುತ್ತಿದ್ದವು.
ಮರದ ತೊಟ್ಟಿಗಳು, ಒಂದೊಂದೂ ಇಗರ್ಜಿಯಷ್ಟು.
ಕೊಚ್ಚಿದ ಪಾಚಿ, ಹಿಡಿಸುವಷ್ಟು ಸುಣ್ಣ, ಉಗುರುಬೆಚ್ಚಗೆ.
ಉಳಿದ ಕೆಲಸವೆಲ್ಲ
ಪಗಾರದ ಪಟ್ಟಿಯಲ್ಲಿ ಹೆಸರಿಲ್ಲದವರದು,
ಕಣ್ಣಿಗೆ ಬೀಳದಷ್ಟು ಸಣ್ಣವರದು.
ತಿನ್ನುತ್ತಿದ್ದರು, ಹುಳಿ ಬಿಡುತ್ತಿದ್ದರು.

ಥ್ರೂಪ್ ಸಾಹೇಬನ ಬಳಿ ಉಷ್ಣಮಾಪಕವಿತ್ತು, ದಪ್ಪ ವಹಿಯಿತ್ತು.
ಅಕ್ಷರ ಬಾರದ ನಮ್ಮಪ್ಪ ಎಲ್ಯುತೇರಿಯೊ
ರಾತ್ರಿಪಾಳಿಯಲ್ಲಿ ಹಲಗೆಗೆ ಕಿವಿ ಆನಿಸಿ ನಿಲ್ಲುತ್ತಿದ್ದ.
‘ಹದಿನೇಳನೆಯದು ಮಾತಾಡುತ್ತಿಲ್ಲ’ ಅಂದರೆ
ಸಾಹೇಬನ ಗಾಜಿನ ನಳಿಕೆಯೂ ಅದನ್ನೇ ಹೇಳುತ್ತಿತ್ತು,
ಎಂಟು ಗಂಟೆ ತಡವಾಗಿ.

ಎಲ್ಲಿ ಕಲಿತೆ ಎಂದು ಕೇಳಿದನಂತೆ. ಅಪ್ಪ ಹೇಳಲಿಲ್ಲ.
ಹೆಂಡತಿಯಿಂದ ಕಲಿತ ವಿದ್ಯೆಗೆ ಕೂಲಿ ಹೆಚ್ಚಿಸುವವರು ಯಾರು?
ಕೊಲೀಮಾದಲ್ಲಿ ಅವ್ವನದೊಂದು ಮಡಕೆ.
ಅನಾನಸಿನ ಸಿಪ್ಪೆ, ಕರಿಬೆಲ್ಲ, ನೀರು, ಬಾಯಿಗೊಂದು ಅರಿವೆ.
ಮೂರನೆಯ ದಿನ ಅವಳು ಕಿವಿಗೊಡುತ್ತಿದ್ದಳು:
ದೂರದ ಹಂಚಿಗೆ ಮಳೆ ಬಿದ್ದ ಹಾಗೆ ಕೇಳಿದರೆ ಬಂತು,
ಸುಮ್ಮನಿದ್ದರೆ ಇನ್ನೂ ನೀರು,
ಗದ್ದಲ ಮಾಡಿದರೆ ಕೆಟ್ಟಿತು.

ಹುಳಿ ಸುಣ್ಣಕ್ಕೆ ಸೇರಿ ಉಪ್ಪಾಯಿತು. ಉಪ್ಪು ಕಾದು ಅಸಿಟೋನ್.
ಅದರಲ್ಲಿ ಕಲಸಿ ಎಳೆ ಎಳೆಯಾಗಿ ತೆಗೆದದ್ದು
ಹೊಗೆ ಕಾರದ ಮದ್ದು,
ಸಮುದ್ರದಾಚೆ ಇಂಗ್ಲಿಷರ ಫಿರಂಗಿಗೆ.
ತೊಟ್ಟಿಯೊಳಗಿನವರಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೂ.
ಪಾದ್ರಿಯಿಂದ ತಿಳಿದು ಬಂದ ಅವ್ವ ಕೇಳಿದಳು,
‘ಅದು ಯಾರಿಗೆ ತಗಲುತ್ತದೆ?’
‘ಹುಳಿ ಬರಿಸುವುದಷ್ಟೇ ನನ್ನ ಕೆಲಸ, ಎಂಗ್ರಾಸಿಯಾ.’
ಅವತ್ತು ಅವಳು ಬಡಿಸಿದಳು. ಜೊತೆಗೆ ಕೂರಲಿಲ್ಲ.

ಆಮೇಲೊಂದು ಬೆಳಗ್ಗೆ ನಾಯಿ ಏಳಲಿಲ್ಲ.
ಬಾಲವಾಡಿಸುತ್ತ ಬಾಗಿಲಿಗೇ ಬಂತು.
ಹೊಸ ಭಟ್ಟಿಯಲ್ಲಿ ಅದೇ ಕೊಳೆಯ ಇನ್ನೊಂದು ಹುಳಿಗೆ
ಮದ್ಯಸಾರ ಬೆರೆಸಿ ಏನೋ ಇಳಿಸುತ್ತಿದ್ದರಂತೆ,
ನಳಿಗೆ ಸೋರಿ ಅಪ್ಪನ ತೋಳು ನೆನೆದಿತ್ತು.
ಅವ್ವ ಅಂಗೈಯಲ್ಲಿ ಆ ತೋಳು ಹಿಡಿದು ಮೂಗಿಗೊತ್ತಿದಳು.
ಹಣ್ಣಾದ ಅನಾನಸು.
ಬೆಲ್ಲದ ಕಡೆಗೆ ವಾಲಿದ, ಇನ್ನೆರಡು ದಿನಕ್ಕೆ ಒಡೆಯುವ ಹಣ್ಣು.
ಅವಳು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ,
ಇತ್ತ ಕಡೆ ಹುಟ್ಟಿದವಳು ನಾನು, ಏಳು ವರ್ಷ,
ಆ ಹಣ್ಣನ್ನು ಕಂಡೇ ಇರಲಿಲ್ಲ.

ಕತ್ತರಿಯಿಂದ ತೋಳು ಕತ್ತರಿಸಿ ಜಾಡಿಗೆ ತುರುಕಿದಳು
(ಅಂಗಿ ಇದ್ದದ್ದು ಎರಡೇ).
ಮೂರನೆಯ ದಿನ ಮುಚ್ಚಳ ತೆಗೆದರೆ
ಹಣ್ಣು ಹೋಗಿ, ಅಡಿಯಲ್ಲಿದ್ದ ಕಡಲು ಮೇಲೆ ಬಂದಿತ್ತು.
ಆದರೂ ಅವಳು ಜಾಡಿಗೆ ಕಿವಿಯಿಟ್ಟದ್ದನ್ನು ನೋಡಿದ್ದೇನೆ.

ಯುದ್ಧ ನಿಂತಿತು, ತೊಟ್ಟಿಗಳು ಬರಿದಾದವು.
ಪಾಚಿ ಮಾತ್ರ ಏನೂ ಆಗದವರ ಹಾಗೆ ಬೆಳೆದುಕೊಂಡಿತು.

ಹತ್ತೊಂಬತ್ತು ತುಂಬಿದಾಗ ನನ್ನ ಮದುವೆಯೂಟಕ್ಕೆ
ಯಾರೋ ಹಡಗಿನವರು ಒಂದು ಅನಾನಸ್ ತಂದರು.
ಮೊದಲ ತುಂಡು ನನಗೇ.
ಹೇಗಿದೆ ಎಂದರು.
ಅಪ್ಪನ ಹಾಗಿದೆ ಅಂದೆ.