ಹೆಬ್ಬೆಟ್ಟು

ಇಂಡಿ ತಹಶೀಲ್ದಾರ ಕಚೇರಿ ಮುಂದ
ಬೇವಿನ ಗಿಡದ ಬುಡಕ್ಕ ನಮ್ಮಪ್ಪನ ಅಂಗಡಿ:
ಒಂದು ತಗಡಿನ ಟ್ರಂಕು, ಅದರ ಮ್ಯಾಲ ರಟ್ಟು,
ರಟ್ಟಿನ ಮ್ಯಾಲ ನೇರಳೆ ಮಸಿಯ ಡಬ್ಬಿ.
ಅರ್ಜಿ ಮಲಕಪ್ಪ ಅಂದರ ಝಳಕಿತನಕ ಗೊತ್ತು.

ಬರಿಯೂದಕಿಂತ ಕೇಳೂದ ಹೆಚ್ಚು ಅವಂದು.
ಬದು ಒತ್ತಿದ್ದು ನೀ ಕಣ್ಣಾರೆ ಕಂಡಿಯೋ,
ಯಾರರ ಹೇಳಿದರೋ?
ಹೇಳಿದವ ಯಾರು? ಅವಗ ಇದರಾಗ ಏನು ಸಿಗತೈತಿ?
ಸಿಟ್ಟಿನ್ಯಾಗ ಬಂದವರಿಗೆ ಮೊದಲು ನೀರು,
ಆಮ್ಯಾಲ ಚಹಾ.
ಚಹಾ ಆರೂದರೊಳಗ ಅರ್ಧ ಮಂದಿ
ಅರ್ಜಿ ಬ್ಯಾಡ ಬಿಡು ಅಂತ ಎದ್ದು ಹೋಗತಿದ್ದರು.
ಅವ್ವ ಬೈತಿದ್ದಳು:
ಗಿರಾಕಿ ಕಳಕೊಳ್ಳಾಕ ಮ್ಯಾಲ ಚಹಾದ ಖರ್ಚು!

ನಾನು ಕಲಿತೆ, ಟೀಚರ್ ಆದೆ.
ತ್ವಾಟದ ವಸ್ತಿ ಸಾಲಿ, ಸುತ್ತ ಲಿಂಬಿ ಗಿಡ,
ನಲವತ್ತೊಂದು ಹುಡುಗರು,
ಬಿಸಿಯೂಟಕ್ಕ ಗುರುಬಾಯಿ.

ತಿಂಗಳಿಗೊಮ್ಮೆ ಗೌರವಧನದ ವಹಿ ಮುಂದಿಟ್ಟರ
ಹೆಬ್ಬೆಟ್ಟು ಸೆರಗಿಗೆ ವರೆಸಿ
ಹಿಂದಕ್ಕ ಹಿಡಕೋತಾಳ ಆಕಿ:
“ಏನು ಬರದೈತಿ, ಓದ್ರಿ ಅಕ್ಕೋರ.”
ಹೋದ ತಿಂಗಳದ್ದ ಐತಿ, ಒತ್ತವಾ.
“ಇರಲಿ, ಓದ್ರಿ.
ಒತ್ತಿದ ಮ್ಯಾಲ ಅದು ನಂದಾಕೈತಿ.”

ಆಷಾಢದ ಒಂದು ರಾತ್ರಿ ಕರೆಂಟು ಹೋಗಿತ್ತು.
ಫೋನಿಂದೊಂದ ಬೆಳಕು. ಅದರಾಗ ಒಂದು ಫೋಟೊ:
ಸಾರಿನ ಬೋಗುಣಿ, ಸಾರಿನ್ಯಾಗ ಹಲ್ಲಿ.
ಯಾವ ಊರು, ಯಾವ ವರ್ಷ, ಏನೂ ಇಲ್ಲ.
ಕೆಳಗ ಉದ್ದಕ್ಕ ಏನೋ ಬರದಿತ್ತು. ಪೂರ್ತಿ ಓದಲಿಲ್ಲ.
ಕಳಿಸಿದೆ.
ಬರೇ ಕಳಿಸಿದ್ದರ ಬ್ಯಾರೆ ಮಾತಿತ್ತು,
ನಂದೂ ಒಂದು ಸಾಲು ಕೂಡಿಸಿದೆ:
‘ನಮ್ಮ ಕಡೆಯೂ ಎಚ್ಚರ ಇರಲಿ.’
ಒಳ್ಳೇದು ಮಾಡಿದೆ ಅಂತ ನಿದ್ದಿನೂ ಛಲೋ ಬಂತು.

ಬೆಳಗಾಗೂದರೊಳಗ ‘ಕಡೆಯೂ’ದ ಬಾಲ ಉದುರಿ
ನಮ್ಮ ಕಡೆ ಅಂತಾಗಿತ್ತು.
ಹತ್ತು ಗಂಟೆಕ್ಕ ವಸ್ತಿ ಸಾಲಿ.
ಊಟದ ಗಂಟಿ ಹೊಡಿಯೂದರೊಳಗ, ಗುರುಬಾಯಿ.

ಮೂವತ್ತಾರು ಹುಡುಗರು ಮನಿಯಿಂದ ಡಬ್ಬಿ ತಂದಿದ್ದರು.
ಐದು ತಾಟು ಹಚ್ಚಿ ಉಳಿದ ಅನ್ನಾನ
ಆಕಿ ಎಮ್ಮಿ ಇದ್ದವರಿಗೆ ಕೊಟ್ಟಳು.
ಪಾತೇಲಿ ತಿಕ್ಕಿ, ಬಿಸಲಿಗೆ ಬೋರಲಾಕಿ,
ಸಾಲಿ ಕೀಲಿ ನನ್ನ ಮೇಜಿನ ಮ್ಯಾಲ ಇಟ್ಟು ಹೋದಳು.

ಅಳಿಸಿದೆ. ನನ್ನ ಫೋನಿನ್ಯಾಗಷ್ಟ ಅಳಿಸಿತು.
ತಪ್ಪಾತು, ಆ ಫೋಟೊ ನಮ್ಮದಲ್ಲ ಅಂತ
ನನ್ನ ಹೆಸರು ಹಾಕಿ ಬರದೆ.
ನೋಡಿದವರು ಒಂಬತ್ತು ಮಂದಿ.
ಒಬ್ಬರು ಕೈ ಮುಗದ ಚಿತ್ರ ಹಾಕಿದರು,
ಯಾಕಂತ ತಿಳೀಲಿಲ್ಲ.

ಮನಿಗೆ ಹೋದೆ. ಮರದಾಗ ಜ್ವಾಳ ಹಸನ ಮಾಡಾಕ ಕುಂತಿದ್ದಳು.
ಬೈಯಲಿಲ್ಲ.
ಹರಳು ಆರಿಸಿ ಒಗದು, ತಲಿ ಎತ್ತಲಾರದ ಕೇಳಿದಳು:
“ನಿಮಗ ಅದನ್ನ ಯಾರು ಓದಿ ಹೇಳಿದರ್ರಿ?”

ನಾನ ಓದಿದೆ ಅನ್ನಾಕ ಬಾಯಿ ಬರಲಿಲ್ಲ,
ಓದಲಿಲ್ಲ ಅನ್ನಾಕೂ.

ಅಪ್ಪನ ಟ್ರಂಕು ತಗದು ನೋಡಿದೆ ಅವತ್ತು.
ಮಸಿ ಒಣಗಿ ಚಕ್ಕಿ ಚಕ್ಕಿ.
ಗಾಜಿನ ಮ್ಯಾಲ ಒತ್ತಿದ ಹೆಬ್ಬೆಟ್ಟಿಗೆ
ಇದು ಹತ್ತೂದಿಲ್ಲ.
ಹತ್ತಿದ್ದರ, ಮುಂಜಾನೆ ಮಾರಿ ತೊಳಿಯುವಾಗರ
ಕೈ ತಡೀತಿತ್ತೇನೋ.

ಹದಿನೈದು ದಿನಕ್ಕ ಬಂದಳು. ಒಲಿ ಹೊತ್ತಿತು.
ಡಬ್ಬಿ ಒಂದೊಂದ ಕಡಿಮಿ ಆದವು, ಎಲ್ಲಾ ಅಲ್ಲ.
ತಿಂಗಳ ಕೊನಿಗೆ ವಹಿ ಇಟ್ಟೆ.
“ಓದ್ರಿ.”
ಓದಿದೆ: ತಾರೀಖು, ಹೆಸರು, ರೂಪಾಯಿ ಅಂಕಿಯೊಳಗ,
ರೂಪಾಯಿ ಅಕ್ಷರದೊಳಗ,
ತಳದಾಗ ಸಣ್ಣದಾಗಿ ಇದ್ದ ಛಾಪಖಾನಿ ಹೆಸರೂ ಓದಿದೆ.

ಮಸಿ ಹಚ್ಚಿದ ಹೆಬ್ಬೆಟ್ಟು ಗಾಳ್ಯಾಗ ನಿಂತಿತು.
ಇಷ್ಟು ವರ್ಷದಾಗ ಕೇಳಲಾರದ್ದು ಕೇಳಿದಳು:
“ಇನ್ನೊಮ್ಮೆ ಓದ್ರಿ.”

ಓದಿದೆ.