ನಲವತ್ತೊಂದನೇ ತಗಡು

ಎರಡು ಮಳೆಗಾಲಕ್ಕೊಮ್ಮೆ ಕೆಮ್ಮಣ್ಣುಗುಂಡಿ ಹತ್ತುತ್ತೇನೆ,
ಬಣ್ಣದ ಡಬ್ಬಿ, ಮೂರು ಕುಂಚ, ಸೀಸೆಯಲ್ಲಿ ಸೀಮೆಎಣ್ಣೆ.
ತರೀಕೆರೆಗೆ ಫ್ಲೆಕ್ಸ್ ಬಂದ ಮೇಲೆ
ಅಂಗಡಿಗಳು ನನ್ನನ್ನು ಮರೆತವು.
ಗುಲಾಬಿಗಳು ಇನ್ನೂ ಮರೆತಿಲ್ಲ.
ಅಂಗೈಯಗಲದ ತಗಡಿಗೆ ಯಾವ ಮಿಷನ್ನು ಬರುತ್ತದೆ?

ಹಳೇ ಗುಲಾಬಿಗಳ ಪಾತಿ ಅದು, ಗುಡ್ಡದ ಅಂಚಿಗೆ.
ಕತ್ತು ನೆಟ್ಟಗೆ ಮಾಡಿಕೊಂಡು
ಛತ್ರದ ಬಾಗಿಲಲ್ಲಿ ನಗುವ ಈಗಿನ ಜಾತಿಯಲ್ಲ.
ತಲೆ ಬಗ್ಗಿಸಿಯೇ ಅರಳುತ್ತವೆ,
ಹತ್ತಿರಕ್ಕೆ ಮೂಗು ತಂದವರ ಜೊತೆ ಮಾತ್ರ ಮಾತು.

ತೋಟಗಾರಿಕೆ ಸಾಹೇಬರು ಪಟ್ಟಿ ಕೊಟ್ಟರು:
ಲಾ ಫ್ರಾನ್ಸ್. ಮರೇಶಾಲ್ ನಿಯೆಲ್.
ಸುವನೀರ್ ದ ಲಾ ಮಾಲ್ಮೈಸೋನ್.
ಈ ಕೊನೆಯದಕ್ಕೆ ತಗಡು ಸಾಲದೆ
'ಸೋನ್' ಕೆಳಗಿಳಿದು ಕೂತಿತು,
ಸೀಟು ಸಿಗದವರು ಬಸ್ಸಿನ ಮೆಟ್ಟಿಲಲ್ಲಿ ಕೂತ ಹಾಗೆ.

ಯಾರೋ ದಂಡನಾಯಕರು, ಯಾರೋ ದೊರೆಸಾನಿಯರು,
ಯುದ್ಧ ಗೆದ್ದರೋ ಸೋತರೋ,
ಈಗ ಇಲ್ಲಿ ಕೆಮ್ಮಣ್ಣಿನಲ್ಲಿ ಕಾಲೂರಿ
ಸಗಣಿಗೊಬ್ಬರ ಉಂಡು ನಿಂತಿದ್ದಾರೆ.
ಮಾಲಿಗಳ ಬಾಯಲ್ಲಿ ಮರೇಶಾಲ್ ನಿಯೆಲ್
ಮಾರಿಶೆಟ್ಟಿ ನೀಲಿಯಾಗಿ ಎಷ್ಟೋ ವರ್ಷ.
ಹೂವೋ, ಅಪ್ಪಟ ಹಳದಿ.
"ನೀಲಿ ಎಲ್ಲಿದೆ?" ಎಂದರೆ ಸೋಮ್ಲಿಬಾಯಿ
"ಶೆಟ್ಟಿ ಎಲ್ಲಿದಾನೆ, ಅದನ್ನ ಮೊದಲು ಹೇಳು" ಅನ್ನುತ್ತಾಳೆ.

ನಲವತ್ತೊಂದರ ಮುಂದೆ ಪಟ್ಟಿಯಲ್ಲಿ ಬರೀ ಒಂದು ಗೆರೆ.
ಗೆರೆಯನ್ನೇ ಬರೆಯಲೇ ಸಾರ್?
"ಗುರುತಿಸಿಲ್ಲ ಅಂತ ಹಾಕು ಖಲಂದರ್."
ಜೀಪು ಹೊರಟಿತು.

ಗುರುತು ಇಲ್ಲದ್ದೇನಲ್ಲ.
ಬೀರೂರು ಜಂಕ್ಷನ್ನಿನ ಹಳೇ ಕ್ವಾರ್ಟರ್ಸ್ ಒಡೆಯುವ ದಿನ
ಜೆಸಿಬಿಯ ಹಲ್ಲಿಗೆ ಅಡ್ಡ ನಿಂತು
ಸೋಮ್ಲಿಬಾಯಿ ಕೊಯ್ದು ತಂದ ಐದು ಕಡ್ಡಿ,
ಡಾಲ್ಡಾ ಡಬ್ಬಿಯಲ್ಲಿ, ಒದ್ದೆ ಗೋಣಿ ಸುತ್ತಿ.
ಹೋಗಿದ್ದು ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ.
ಹೆಸರಿಡುವ ಮೊದಲೇ ಎದ್ದು ಬಂದಳಂತೆ,
ಕಡ್ಡಿ ಬಾಡುತ್ತದೆಂದು.
ತಂಗಿ ಇವತ್ತಿಗೂ ಮಾತಾಡುವುದಿಲ್ಲ.
ನಾಲ್ಕು ಕಡ್ಡಿ ಕಪ್ಪಾದವು.
ಒಂದು ಚಿಗುರಿತು.

ಅಲ್ಲಿ ಅದನ್ನ ಏನಂತ ಕರೀತಿದ್ದರು?
"ಗೇಟ್‌ಮನ್ ಹೆಂಡತಿ ರಾತ್ರಿಗಾಡಿ ಹೂ ಅಂತಿದ್ದಳಂತೆ.
ಗಾಡಿ ಹೋಗಿ ಹೊಗೆ ಇಳಿದ ಮೇಲೇ
ವಾಸನೆ ಏಳೋದಂತೆ."
ಅವಳ ಹೆಸರು?
"ಗೇಟ್‌ಮನ್ ಹೆಂಡತಿ. ಅಷ್ಟೇ."

ಬಗ್ಗಿ ಮೂಸಿದೆ.
ಮಂಜು ಕವಿದಿತ್ತು, ಮೊದಲು ಮಣ್ಣು, ಅದಿರಿನ ತುಕ್ಕು.
ಆಮೇಲೆ, ತಡವಾಗಿ,
ಶುಕ್ರವಾರ ಅಬ್ಬಾ ಕಿವಿಯ ಸಂದಿಗೆ ಸಿಕ್ಕಿಸುತ್ತಿದ್ದ
ಅತ್ತರಿನ ಹತ್ತಿ.
ಅವರು ಹೋಗಿ ಹತ್ತೊಂಬತ್ತು ವರ್ಷ.
ಹತ್ತಿ ಇಲ್ಲಿ ಏನು ಮಾಡುತ್ತಿತ್ತು?

ಉಳಿದ ತಗಡೆಲ್ಲ ಇಲಾಖೆಯ ಹಸಿರು, ಮೇಲೆ ಬಿಳಿ ಅಕ್ಷರ.
ಇದೊಂದಕ್ಕೆ ಹಳದಿ ಬಳಿದೆ. ಕಪ್ಪಿನಲ್ಲಿ ಬರೆದೆ.
ಆ ಕಡೆಯೊಂದು ಈ ಕಡೆಯೊಂದು ಕಂಬಿ ನೆಟ್ಟು ನಿಲ್ಲಿಸಿದೆ,
ಸ್ಟೇಷನ್ನಿನ ಬೋರ್ಡಿನ ಹಾಗೆ:
ಗುರುತಿಸಿಲ್ಲ.
ಸರ್ಕಾರಿ ಕೆಲಸ, ಒಂದು ಅಕ್ಷರ ಹೆಚ್ಚು ಕಮ್ಮಿ ಮಾಡಲಿಲ್ಲ.
ಹಸಿರು ಮುಗಿದಿತ್ತು ಸಾರ್, ಅಂದೆ.

ಅದರ ಮುಂದೆ ಯಾರೋ ಹುಡುಗರು
ಫೋಟೋ ತೆಗೆಸಿಕೊಳ್ಳುತ್ತಿದ್ದರು,
ಗುರುತಿಸಿಲ್ಲ ಅನ್ನುವ ಊರಿಗೆ
ಈಗಷ್ಟೇ ಬಂದಿಳಿದವರಂತೆ.

ಹೊರಡುವಾಗ ಸೋಮ್ಲಿಬಾಯಿ
ಖಾಲಿ ಬಣ್ಣದ ಡಬ್ಬಿಯಲ್ಲಿ ಒಂದು ಕಡ್ಡಿ ಇಟ್ಟುಕೊಟ್ಟಳು.
ತರೀಕೆರೆಯ ಸೆಕೆಗೆ ಮೂರು ವರ್ಷವಾದರೂ ಹೂ ಬಿಟ್ಟಿಲ್ಲ.
ಮೆಹರುನ್ನಿಸಾಳ ಎರಡು ದುಪಟ್ಟಾ ಹರಿದಿದೆ.
ಏನು ಗಿಡ ಇದು, ಎಂದು ಪಕ್ಕದವರು ಕೇಳಿದರೆ
"ಇವರನ್ನೇ ಕೇಳಿ, ಬೋರ್ಡ್ ಬರೆಯೋರು" ಅನ್ನುತ್ತಾಳೆ.
ಬರೆದಿಲ್ಲ.
ಊರಿನ ಅರ್ಧ ಮನೆಗೆ ಹೆಸರು ಬರೆದೆ,
ನಮ್ಮ ಮನೆಗೂ ಇಲ್ಲ.

ರಾತ್ರಿ ಶಿವಮೊಗ್ಗದ ಗಾಡಿ ಹೋದ ಮೇಲೆ
ಚಪ್ಪಲಿ ಮೆಟ್ಟಿ ಹಿತ್ತಲಿಗೆ ಹೋಗಿ ಬಗ್ಗುತ್ತೇನೆ.
ಎಲೆಯ ವಾಸನೆ.
ಬಂದು ಮಲಗುತ್ತೇನೆ.